ಗಿರಣಿ ಶಂಕ್ರಮ್ಮನ ಮರಣದ ಫಾರಂ

ಡಾಕ್ಟರ್ ಮೇಘಶ್ರೀಗೆ ಈಚೆಗೆ ಸಾವಿನ ಸುದ್ದಿ ಕೇಳಿದರೆ ಒಂಥರಾ ಸಮಾಧಾನವಾಗುತ್ತಿತ್ತು. ಹಾಗಂತ ಅವಳನ್ನು ಕಲ್ಲುಮನಸ್ಸಿನವಳು ಅಂದುಕೊಳ್ಳಬಾರದು. ದಾರಿಯಲ್ಲಿ ಇರುವೆ ಸಾಲು ಕಂಡರೆ ನೋಡಿಕೊಂಡು ದಾಟುವ ಹುಡುಗಿ ಅವಳು. ಆದರೆ ದಾವಣಗೆರೆಯ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಡಿ. ಓದುತ್ತ ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯವೇ ಹಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಅಸ್ತಮಾದಿಂದ ತೀರಿಕೊಂಡವರು ಎಂಥವರು, ಅವರೆಲ್ಲರಲ್ಲೂ ಕಾಣುವ ಅಂಶಗಳು ಯಾವುವು, ಯಾವುದನ್ನು ಮೊದಲೇ ಗಮನಿಸಿದ್ದರೆ ಅವರು ಉಳಿಯುತ್ತಿದ್ದರು ಎಂಬುದನ್ನು ಅವಳು ಮನೆಮನೆಗೆ ಹೋಗಿ ಕೇಳಿ ಬರೆಯಬೇಕಿತ್ತು. ಗೈಡ್ ಸಾಹೇಬರು ನಲವತ್ತು ಸಾವು ಬೇಕೇ ಬೇಕು ಅಂದಿದ್ದರು. ಮೂವತ್ತೊಂಬತ್ತು ಆಗಿ ತಿಂಗಳಾದರೂ ನಲವತ್ತನೆಯದು ಸಿಕ್ಕಿರಲಿಲ್ಲ.

ಹೀಗಿರುವಾಗ ನ್ಯಾಮತಿಯ ಆಶಾ ಕಾರ್ಯಕರ್ತೆ ಕಲ್ಲಮ್ಮ ಒಂದು ಬೆಳಿಗ್ಗೆ ಫೋನು ಮಾಡಿ, “ಮೇಡಂ, ನಮ್ಮೂರಾಗೆ ಶಂಕ್ರಮ್ಮ ಅಂತ ಒಬ್ರು ದಮ್ಮಿನಿಂದ ಹೋಗ್ಯಾರೆ, ನಲವತ್ತು ದಿನ ಆತು” ಅಂದಳು. ಮೇಘಶ್ರೀ ಬಾಯಿಂದ, “ಅಬ್ಬಾ, ಒಳ್ಳೇದಾಯ್ತು” ಎಂದು ಬಂದುಬಿಟ್ಟಿತು.

ಕಲ್ಲಮ್ಮ, “ಆತು ಮೇಡಂ, ಮನೆಯೋರು ಸಿಕ್ರೆ ಹಂಗೇ ಹೇಳ್ತೀನಿ” ಅಂದಳು.

ಬಸ್ಸಿನಲ್ಲಿ ಕುಳಿತು ಮೇಘಶ್ರೀ ದಾರಿಯುದ್ದಕ್ಕೂ ಈ ಮಾತಿಗೆ ನಾಚಿಕೊಂಡಳು. ಹಾಗೆ ನಾಚಿಕೊಳ್ಳುವಾಗಲೂ ಹದಿನಾಲ್ಕು ಪುಟದ ಖಾಲಿ ಫಾರಂ ಚೀಲದಲ್ಲಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡಳು. ಒಂದು ವರ್ಷದ ತಿರುಗಾಟದಲ್ಲಿ ಅವಳು ಕಲಿತದ್ದು ಕಡಿಮೆಯೇನಲ್ಲ. ಅಸ್ತಮಾ ಎಂಬ ಪದವನ್ನು ಯಾವ ಮನೆಯಲ್ಲೂ ಎತ್ತಬಾರದು. ಎತ್ತಿದರೆ ಅಂಥದ್ದು ನಮ್ಮ ವಂಶದಲ್ಲೇ ಇಲ್ಲ ಅನ್ನುತ್ತಾರೆ. ಜಗಳೂರಿನ ಒಂದು ಮನೆಯಲ್ಲಿ ಸತ್ತ ಹುಡುಗಿಗೆ ಬರೀ ಸುಸ್ತಿತ್ತು ಅಂದರು. ಅವಳ ತಂಗಿಗೆ ಗಂಡು ನೋಡುತ್ತಿದ್ದರಂತೆ. ಹೊನ್ನಾಳಿಯಲ್ಲಿ ಉಸಿರು ಕಟ್ಟಿದ ಒಬ್ಬರನ್ನು ಗೃಹಪ್ರವೇಶದ ಊಟ ಮುಗಿಯಲಿ ಅಂತ ಆಸ್ಪತ್ರೆಗೆ ಒಯ್ಯದೆ ಎರಡು ತಾಸು ಕೂರಿಸಿಕೊಂಡಿದ್ದರು. ಮೇಘಶ್ರೀಯ ಸ್ವಂತ ಊರು ನಲ್ಲೂರಿನಲ್ಲೇ ತೀರಿಕೊಂಡ ನಾಗೇಂದ್ರಪ್ಪ ಎಂಬವರ ಹೆಂಡತಿ, ದಮ್ಮು ಬಾರದಿರಲೆಂದು ಅವರು ದಿನಾ ಎಳೆಯಬೇಕಾಗಿದ್ದ ಕಾಫಿ ಬಣ್ಣದ ಇನ್‌ಹೇಲರ್ ಪಂಪನ್ನು ಕವರು ಕೂಡ ಬಿಚ್ಚದೆ ಬೀರುವಿನಿಂದ ತಂದು ತೋರಿಸಿದ್ದರು. ಇದನ್ನೆಲ್ಲ ಮೇಘಶ್ರೀ ಮುಖಭಾವ ಬದಲಿಸದೆ ಬರೆದುಕೊಂಡಿದ್ದಳು. ಸಂಶೋಧಕರು ಕೇಳಬೇಕು, ಬರೆಯಬೇಕು, ನಡುವೆ ಬಾಯಿ ಹಾಕಬಾರದು ಎಂದು ಅವಳ ನಂಬಿಕೆ. ಅವಳು ಹೋಗುವ ಹೊತ್ತಿಗೆ ಬಾಯಿ ಹಾಕಿ ಮಾಡುವಂಥದ್ದು ಏನೂ ಉಳಿದಿರುತ್ತಲೂ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ, ಖಾರದಪುಡಿ ಗಿರಣಿ ಹತ್ತಿರ ಎಂದು ಕಲ್ಲಮ್ಮ ಹೇಳಿದ್ದಳು. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ತುದಿಗೇ ಮೇಘಶ್ರೀಗೆ ನಾಲ್ಕು ಸೀನು ಬಂದವು. ಬಾಗಿಲಲ್ಲಿ ಒಬ್ಬ ಹೆಂಗಸು ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅರವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ತಲೆಗೆ ಸುತ್ತಿದ ಟವೆಲ್ಲು, ಹುಬ್ಬಿನ ಮೇಲೆ ಕೆಂಪು ಪುಡಿ.

“ಶಂಕ್ರಮ್ಮನವರು ತೀರಿಕೊಂಡ ಮನೆ ಇದೇನಾ ಅಮ್ಮಾ?”

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಶಂಕ್ರಮ್ಮನ ಮನೆ ಇದೇ. ಯಾಕ್ರೀ?”

“ಅವರ ಸಾವಿನ ಬಗ್ಗೆ ಸ್ವಲ್ಪ ಕೇಳೋದಿತ್ತು. ನೀವು ಅವರಿಗೆ ಏನಾಗಬೇಕು?”

“ನಾನೇ ಶಂಕ್ರಮ್ಮ.”

ಮೇಘಶ್ರೀ ಕೈಯಲ್ಲಿದ್ದ ಚೀಟಿ ನೋಡಿದಳು. ಹೆಂಗಸನ್ನು ನೋಡಿದಳು.

“ನಾನು ಸತ್ತು ಎಷ್ಟು ದಿನ ಆತಂತೆ?” ಎಂದು ಶಂಕ್ರಮ್ಮ ಕೇಳಿದಳು.

“ನಲವತ್ತು ದಿನ,” ಎಂದು ಮೇಘಶ್ರೀ ಅಭ್ಯಾಸಬಲದಿಂದ ಉತ್ತರ ಕೊಟ್ಟಳು.

ಶಂಕ್ರಮ್ಮ ಒಳಗೆ ತಿರುಗಿ ಸೊಸೆಯನ್ನು ಕರೆದಳು. “ಪ್ರಮೀಳಾ, ನಾನು ಸತ್ತು ನಲವತ್ತು ದಿನ ಆತಂತೆ ಕಣೇ. ಶಿವಗಣಾರಾಧನೆ ಊಟಕ್ಕೆ ನನ್ನನ್ನೇ ಕರೀಲಿಲ್ವಲ್ಲ.”

“ನಿಮ್ಮನ್ನ ಕರೆದ್ರೆ ಸಾರಿಗೆ ಉಪ್ಪಿಲ್ಲ ಅಂತ ಬಂದೋರ ಮುಂದೆ ಹೇಳ್ತಿದ್ರಿ ಅತ್ತೆ, ಅದಕ್ಕೇ ಬಿಟ್ವಿ,” ಎಂದಿತು ಒಳಗಿನ ದನಿ.

ವಿಷಯ ಏನೆಂದರೆ ಆ ಬೀದಿಯಲ್ಲಿ ಶಂಕ್ರಮ್ಮಂದಿರು ಇಬ್ಬರು. ಇವಳು ಗಿರಣಿ ಶಂಕ್ರಮ್ಮ. ತೀರಿಕೊಂಡವಳು ಹಿಂದಿನ ಸಂದಿಯಲ್ಲಿದ್ದ ಹೂವಿನ ಶಂಕ್ರಮ್ಮ. ಅದನ್ನು ಹೇಳುವಾಗ ಮಾತ್ರ ಗಿರಣಿ ಶಂಕ್ರಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. ಹೂವಿನವಳ ಮಗಳು ಅರುಣಾ ಅಂಗನವಾಡಿ ಟೀಚರು, ಮನೆಗೆ ಬರುವುದು ನಾಲ್ಕು ಗಂಟೆಗೆ. ಈಗಿನ್ನೂ ಎರಡಾಗಿತ್ತು.

“ಅಲ್ಲಿ ತನಕ ಇಲ್ಲೇ ಕುಂದ್ರು ತಾಯಿ. ಅದೇನು ಫಾರಂ ಐತೋ ನನಗೇ ಕೇಳು. ನನಗೂ ದಮ್ಮೈತೆ.”

“ಇದು ತೀರಿಕೊಂಡವರಿಗೆ ಮಾತ್ರ ಅಮ್ಮಾ.”

“ಯಾವತ್ತಿದ್ರೂ ತುಂಬೋದೇ ಅಲ್ಲೇನು. ಈಗ್ಲೇ ತುಂಬಿಟ್ರೆ ನಿನಗೊಂದು ಸಲ ಬಸ್ಸಿನ ತಿರುಗಾಟ ಉಳೀತೈತೆ.”

ಸುಮ್ಮನೆ ಕೂರುವುದು ಮೇಘಶ್ರೀಗೆ ಬಾರದ ವಿದ್ಯೆ. ಪ್ರಮೀಳಾ ತಂದುಕೊಟ್ಟ ಚಹಾ ಪಕ್ಕಕ್ಕಿಟ್ಟು, ಹೊಸ ಫಾರಂ ತೆಗೆದು, ಪೆನ್ಸಿಲ್ಲಿನಲ್ಲಿ ಬರೆದರಾಯಿತು, ಆಮೇಲೆ ಅಳಿಸಬಹುದು ಎಂದು ಶುರುಮಾಡಿದಳು.

“ಮೃತರಿಗೆ ಎಷ್ಟು ವರ್ಷದಿಂದ ಈ ತೊಂದರೆ ಇತ್ತು?”

“ಮೃತರಿಗೆ ಈ ಸೊಸೆ ಬರೋಕ್ಕಿಂತ ಮುಂಚಿಂದ ಇತ್ತು. ಇವಳ ಮೇಲೆ ಹಾಕಂಗಿಲ್ಲ, ಹದಿನೈದು ವರ್ಷ ಬರ್ಕೋ.”

“ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆ ಸೇರಿದ್ದರೇ?”

“ಹೋದ ಯುಗಾದಿಗೆ ಮುಂಚೆ ಶಿವಮೊಗ್ಗದಾಗೆ ಸೇರಿಸಿದ್ರು. ಗಂಟಲಾಗೆ ಪೈಪು ಹಾಕಿದ್ರು. ನಾಕನೇ ದಿನ ನಾನೇ ಜಗಳ ಆಡಿ ಬಂದೆ. ಮೆಣಸಿನಕಾಯಿ ಕಾಲ ನೋಡು, ಊರೆಲ್ಲ ಚೀಲ ತಂದು ಇಟ್ಟು ಹೋಗಿತ್ತು.”

ಪೆನ್ಸಿಲು ಒಂದು ಕ್ಷಣ ನಿಂತಿತು. ಉಸಿರಾಟದ ಯಂತ್ರಕ್ಕೆ ಒಮ್ಮೆ ಹೋಗಿ ಬಂದವರು ಮತ್ತೊಮ್ಮೆ ಹೋಗುವ, ಹೋಗಿ ಬಾರದಿರುವ ಸಂಭವ ಎಲ್ಲರಿಗಿಂತ ಹೆಚ್ಚು. ಮೂವತ್ತೊಂಬತ್ತು ಜನರಲ್ಲಿ ಒಂಬತ್ತು ಜನಕ್ಕೆ ಮೇಘಶ್ರೀ ಆ ಚೌಕದಲ್ಲಿ ಗುರುತು ಹಾಕಿದ್ದಳು.

“ಉಸಿರು ಕಟ್ಟಿದಾಗ ಹೊಡೆದುಕೊಳ್ಳುವ ನೀಲಿ ಪಂಪು ತಿಂಗಳಿಗೆ ಎಷ್ಟು ಬೇಕಾಗುತ್ತಿತ್ತು?”

“ಮೂರು. ಮದುವಿ ಸೀಸನ್ನಾಗೆ ನಾಕು.”

“ಕಾಫಿ ಬಣ್ಣದ್ದು?”

“ಅದು ದೇವರ ಮನ್ಯಾಗೈತೆ. ಸ್ಟೀರಾಯ್ಡ್ ಅಂತೆ, ಚಟ ಹಿಡೀತೈತಂತೆ. ನೀಲೀದು ಹಂಗಲ್ಲ, ನಾನು ದಿನಕ್ಕೆ ಇಪ್ಪತ್ತು ಸಲ ಹೊಡೀತೀನಿ, ಇವತ್ತಿನ ತನಕ ಚಟ ಹಿಡಿದಿಲ್ಲ.”

ಒಳಗೆ ಪ್ರಮೀಳಾ ಕೆಮ್ಮಿದಳು. ಅದು ಖಾರದ ಕೆಮ್ಮಲ್ಲ, ನಗು ತಡೆದ ಕೆಮ್ಮು. ಮೇಘಶ್ರೀ ಮಾತ್ರ ನಗಲಿಲ್ಲ. ಪುಟ ತಿರುಗಿಸುತ್ತ ಹೋದಳು. ಹೊಗೆ, ಧೂಳು, ಖಾರ? ಹೌದು, ಹೌದು, ನೋಡ್ತಿದೀಯಲ್ಲ. ಕಾಯಿಲೆ ಇರುವುದನ್ನು ಹೊರಗಿನವರಿಂದ ಮುಚ್ಚಿಡುತ್ತಿದ್ದರೇ? ಮತ್ತೆ, ದಮ್ಮಿರೋಳ ಗಿರಣಿಗೆ ಯಾರು ಬರ್ತಾರೆ, ಕೆಮ್ಮಿ ಕೆಮ್ಮಿ ಪುಡಿಗೆ ಉಗುಳು ಹಾರಿಸ್ತಾಳೆ ಅಂತಾರೆ. ಉಸಿರು ಕಟ್ಟಿದಾಗ ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಹೋಗುತ್ತಿದ್ದರು? ಯಾರಾದರೂ ಎತ್ತಿಕೊಂಡು ಹೋದಾಗ.

ಕೊನೆಯ ಪುಟದಲ್ಲಿ ಅಪಾಯದ ಗುರುತುಗಳನ್ನೆಲ್ಲ ಕೂಡಿಸುವ ಜಾಗವಿತ್ತು. ಮೇಘಶ್ರೀ ಕೂಡಿಸಿದಳು. ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿಸಿದಳು.

“ಎಷ್ಟು ಬಂತು ಮಾರ್ಕ್ಸು?”

“ಇಪ್ಪತ್ತಕ್ಕೆ ಹದಿನೇಳು.”

“ಪಾಸಾ?”

“ಅಮ್ಮಾ, ನಾನು ನಾಲ್ಕು ತಾಲ್ಲೂಕಲ್ಲಿ ಮೂವತ್ತೊಂಬತ್ತು ಜನರ ಫಾರಂ ತುಂಬಿದ್ದೀನಿ. ಎಲ್ಲರೂ ತೀರಿಕೊಂಡವರು. ಅವರಲ್ಲಿ ಒಬ್ಬರಿಗೂ ಹದಿನಾಲ್ಕರ ಮೇಲೆ ಬಂದಿಲ್ಲ.”

ಶಂಕ್ರಮ್ಮ ಖುಷಿಪಟ್ಟಳು ಎಂದರೆ ಸುಳ್ಳಾಗದು. “ಕೇಳಿದೇನೇ ಪ್ರಮೀಳಾ, ನಾಕು ತಾಲ್ಲೂಕಿಗೆ ಫಸ್ಟ್ ಬಂದೀನಿ,” ಎಂದಳು.

ಅಷ್ಟರಲ್ಲಿ ಯಾರೋ ಚೀಲ ತಂದಿಳಿಸಿದರು. ಪ್ರಮೀಳಾ ಯಂತ್ರ ಹಾಕಿದಳು. ಬಾಗಿಲಿನಿಂದ ಕೆಂಪು ಗಾಳಿ ಹೊರಗೆ ಬಂತು. ಮೇಘಶ್ರೀ ದುಪಟ್ಟಾ ಮೂಗಿಗೆ ಹಿಡಿದು ರಸ್ತೆಗೆ ಓಡಿದಳು. ಶಂಕ್ರಮ್ಮ ಕೂತಲ್ಲೇ ಕೂತು, ಹೂವಿನ ಶಂಕ್ರಮ್ಮನ ಕಥೆ ಹೇಳತೊಡಗಿದಳು. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯಾಗಿ ಬಂದವರು. ಇಬ್ಬರಿಗೂ ದಮ್ಮು. ಒಬ್ಬಳ ಪಂಪು ಮುಗಿದರೆ ಇನ್ನೊಬ್ಬಳದು. ಅವತ್ತೂ ಮಧ್ಯಾಹ್ನ ಹೂವಿನವಳು, ನಿನ್ನ ಪಂಪು ಕೊಡೇ ಅಂತ ಬಂದಳು. “ಇಲ್ಲೇ, ಈ ಕಟ್ಟೆ ಮ್ಯಾಲೆ... ಕುಂತು ಹೊಡಕಂಡ್ಲು. ಇನ್ನೆರಡು ಹೊಡಿ... ಅಂದೆ. ಹೊಡಕಂಡ್ಲು. ಒಂದು ತಾಸು... ಹೊಡಕಂಡ್ಲು.”

ಮೇಘಶ್ರೀ ಕಥೆ ಕೇಳುವುದನ್ನು ಬಿಟ್ಟು ಆ ಮಾತುಗಳ ನಡುವಿನ ಸಂದುಗಳನ್ನು ಎಣಿಸತೊಡಗಿದ್ದಳು. ಶಂಕ್ರಮ್ಮ ಮೂರು ಪದಕ್ಕೊಮ್ಮೆ ನಿಲ್ಲುತ್ತಿದ್ದಳು. ಹೆಗಲು ಮೇಲೆ ಕೆಳಗೆ ಆಡುತ್ತಿತ್ತು. ಕುತ್ತಿಗೆಯ ಗುಂಡಿ ಒಳಕ್ಕೆ ಎಳೆಯುತ್ತಿತ್ತು.

“ಅಮ್ಮಾ, ಉಸಿರು ಕಟ್ತಿದೆಯಾ?”

“ಇಲ್ಲ. ದಿನಾ... ಹಿಂಗೇ.”

ಇದು ಸೋಗಲ್ಲ ಎಂದು ಮೇಘಶ್ರೀಗೆ ಗೊತ್ತಿತ್ತು. ಬಹಳ ವರ್ಷ ಕಷ್ಟಪಟ್ಟು ಉಸಿರಾಡಿದವರಿಗೆ ಕಷ್ಟದ ಗುರುತೇ ಅಳಿಸಿಹೋಗುತ್ತದೆ, ಸಾಯುವವರಲ್ಲಿ ಬಹಳ ಜನ ಇಂಥವರೇ ಎಂದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಅವಳೇ ಬರೆದಿದ್ದಳು. ಊದಿ ಉಸಿರಿನ ರಭಸ ಅಳೆಯುವ ಪ್ಲಾಸ್ಟಿಕ್ ಕೊಳವೆಯೊಂದು ಅವಳ ಚೀಲದಲ್ಲಿತ್ತು. ಕಾಲೇಜಿನವರು ಕೊಟ್ಟಿದ್ದು, ಸತ್ತವರ ಮನೆಗಳಲ್ಲಿ ಅದಕ್ಕೆ ಕೆಲಸ ಬಿದ್ದಿರಲಿಲ್ಲ. ಓಡಿಬಂದು ಅದನ್ನು ತೆಗೆದು ಊದಿಸಿದಳು. ಮುಳ್ಳು ನೂರಿಪ್ಪತ್ತರ ಹತ್ತಿರ ನಿಂತಿತು.

“ಎಷ್ಟು... ಬರಬೇಕು?”

“ಮುನ್ನೂರರ ಮೇಲೆ.”

“ನಿನ್ನ ಮಿಷನ್... ಕೆಟ್ಟೈತೆ. ಪ್ರಮೀಳಾ, ನೀನು ಊದು.”

ಯಂತ್ರ ನಿಲ್ಲಿಸಿ ಬಂದ ಪ್ರಮೀಳಾ ಸೆರಗಿನಿಂದ ಬಾಯಿ ಒರೆಸಿಕೊಂಡು ಊದಿದಳು. ಮುನ್ನೂರ ತೊಂಬತ್ತು. ಅತ್ತೆ ಸೊಸೆಯನ್ನು ಒಂದು ಥರ ನೋಡಿದಳು. ಇಷ್ಟು ವರ್ಷ ಇವಳ ದನಿ ಯಾಕೆ ಅಷ್ಟು ಜೋರು ಎಂದು ಈಗ ಗೊತ್ತಾಯಿತು ಎಂಬಂತಿತ್ತು ಆ ನೋಟ. ಆದರೆ ಹೇಳಲು ಉಸಿರಿರಲಿಲ್ಲ. ಸೊಂಟದ ಚೀಲದಿಂದ ನೀಲಿ ಪಂಪು ತೆಗೆದು ಎರಡು ಸಲ ಒತ್ತಿಕೊಂಡಳು. ಫುಸ್, ಫುಸ್.

ಮೇಘಶ್ರೀ ಅದನ್ನು ಕೈಯಿಂದ ಇಸಿದುಕೊಂಡು ತಿರುಗಿಸಿ ನೋಡಿದಳು. ಹಿಂಬದಿಯ ಸಣ್ಣ ಕಿಟಕಿಯಲ್ಲಿ ಮೂರು ಸೊನ್ನೆ.

“ಇದು ಖಾಲಿ.”

“ಸದ್ದು... ಬರ್ತೈತಲ್ಲ.”

“ಸದ್ದು ಬರುತ್ತೆ. ಗಾಳಿ ಬರುತ್ತೆ. ಔಷಧಿ ಬರಲ್ಲ. ಇಲ್ಲಿ ನಂಬರ್ ಇದೆ ನೋಡಿ, ಎಷ್ಟು ಉಳಿದಿದೆ ಅಂತ ತೋರಿಸೋಕೆ.”

“ಅದು ಕಂಪನಿ... ನಂಬರ್ ಅಂದ್ಕಂಡಿದ್ದೆ.” ಆಮೇಲೆ ಶಂಕ್ರಮ್ಮ ಕಟ್ಟೆಯ ಕಡೆ ನೋಡಿದಳು. ಅವಳ ಮುಖದಲ್ಲಿ ಅಷ್ಟು ಹೊತ್ತಿನಿಂದ ಇದ್ದ ತಮಾಷೆ ಒಂದೇ ಸಲಕ್ಕೆ ಇಳಿದುಹೋಯಿತು. “ಅವತ್ತು... ನಾನು ಕೊಟ್ಟಿದ್ದೂ... ಹಿಂಗೇ ಫುಸ್ ಅಂತಿತ್ತು.”

ಮೇಘಶ್ರೀಗೆ ಅದಕ್ಕೆ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ. “ಪ್ರಮೀಳಕ್ಕ, ಹೊಸಾ ಪಂಪು ಐತೇನು? ತಗಂಡು ಬರ್ರಿ. ಆಟೋ ಕರೀರಿ,” ಎಂದು ಕೂಗಿದಳು. ಎಂ.ಡಿ. ಸೇರಿದ ಮೇಲೆ ಬಚ್ಚಿಟ್ಟಿದ್ದ ನಲ್ಲೂರಿನ ಮಾತು ಹೊರಗೆ ಬಂದಿದ್ದು ಅವಳ ಗಮನಕ್ಕೇ ಬರಲಿಲ್ಲ. ಪ್ರಮೀಳಾ ಗೋಡೆಯ ಮಾಡದಿಂದ ಹೊಸ ಪಂಪು ತಂದಳು. ಔಷಧಿ ಪೂರ್ತಿ ಒಳಗೆ ಹೋಗಲೆಂದು ಮೇಘಶ್ರೀ ನೀರಿನ ಬಾಟಲಿಯ ತಳಕ್ಕೆ ಕತ್ತರಿಯಿಂದ ತೂತು ಮಾಡಿ, ಪಂಪು ಸಿಕ್ಕಿಸಿ, ಬಾಟಲಿಯ ಬಾಯಿಯನ್ನು ಶಂಕ್ರಮ್ಮನ ತುಟಿಗೆ ಹಿಡಿದು ಒಂದೊಂದೇ ಒತ್ತು ಕೊಡುತ್ತ ಆಟೋ ಹತ್ತಿಸಿದಳು. ಶಂಕ್ರಮ್ಮ ಬಾಟಲಿ ಬಾಯಲ್ಲಿಟ್ಟುಕೊಂಡೇ ಕೈಸನ್ನೆಯಲ್ಲಿ, ಆ ಚೀಲ ಬ್ಯಾಡಗಿಯದು, ಗುಂಟೂರಿನ ಜೊತೆ ಕೂಡಿಸಬೇಡ ಎಂದು ಸೊಸೆಗೆ ತಿಳಿಸಿದಳು.

ಸರ್ಕಾರಿ ಆಸ್ಪತ್ರೆಯ ನರ್ಸು ಹೆಸರು ಕೇಳದೆಯೇ ಮೂಗುಬಾಯಿಗೆ ಮಾಸ್ಕು ಹಾಕಿ ಔಷಧಿಯ ಹಬೆ ಶುರುಮಾಡಿದಳು. ಆಮ್ಲಜನಕ, ಒಂದು ಇಂಜೆಕ್ಷನ್ನು, ಮತ್ತೆ ಹಬೆ. ಮೇಘಶ್ರೀ ಮಂಚದ ಪಕ್ಕ ನಿಂತು ಉಸಿರು ಎಣಿಸಿದಳು. ಮೂವತ್ನಾಲ್ಕು. ಮೂವತ್ತು. ಇಪ್ಪತ್ತಾರು. ಸಂಖ್ಯೆಯೊಂದು ಇಳಿಯುತ್ತ ಹೋಗುವುದನ್ನು ನೋಡಿ ಕಣ್ಣು ತುಂಬಿಬಂದದ್ದು ಅವಳಿಗೆ ಅದೇ ಮೊದಲು. ಖಾರದ ಕೈಯಿಂದ ಕಣ್ಣೊರೆಸಿಕೊಂಡ ಕಾರಣ ಆಮೇಲೆ ಹತ್ತು ನಿಮಿಷ ನಲ್ಲಿಯ ಕೆಳಗೆ ಮುಖ ಹಿಡಿದು ನಿಲ್ಲಬೇಕಾಯಿತು.

ಮುಖ ಒರೆಸಿಕೊಂಡು ಗೈಡ್ ಸಾಹೇಬರಿಗೆ ಫೋನು ಮಾಡಿದಳು. “ಸರ್, ನಲವತ್ತನೆಯವರನ್ನು ನೋಡಲು ಬಂದೆ. ಸಿಕ್ಕವರು ಬದುಕಿದ್ದಾರೆ.”

ಸಾಹೇಬರು ಯೋಚಿಸಿದರು. “ಹಾಗಿದ್ದರೆ ಅವರನ್ನು ಸೇರಿಸಿಕೊಳ್ಳುವಂತಿಲ್ಲಮ್ಮ.”

ಮೂರು ದಿನ ಶಂಕ್ರಮ್ಮ ಆಸ್ಪತ್ರೆಯಲ್ಲಿದ್ದಳು. ಈ ಸಲ ಜಗಳವಾಡಿ ಹೊರಡಲಿಲ್ಲ. ಪ್ರಮೀಳಾ ಅತ್ತೆಯ ಚಪ್ಪಲಿಗಳನ್ನು ಮನೆಗೆ ಒಯ್ದಿದ್ದಳು ಎಂಬುದು ಒಂದು ಕಾರಣವಿರಬಹುದು. ಮಾತು ಕಡಿಮೆಯಾಗಿತ್ತು. ಮೇಘಶ್ರೀ ದಿನಾ ದಾವಣಗೆರೆಯಿಂದ ಬಂದು ಹೋದಳು. ಕಾಫಿ ಬಣ್ಣದ ಪಂಪು ದಿನಾ ಎರಡು ಹೊತ್ತು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಆರಾಮಿದ್ದರೂ ಬಿಡಬಾರದು ಎಂದು ಹೇಳಿಕೊಟ್ಟಳು. ಗಿರಣಿಯ ಯಂತ್ರದ ಹತ್ತಿರ ಹೋಗುವಂತಿಲ್ಲ, ಅದನ್ನು ಇನ್ನು ಪ್ರಮೀಳಾ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನೋಡಿಕೊಳ್ಳುತ್ತಾಳೆ ಎಂದು ತೀರ್ಮಾನವಾಯಿತು. ಶಂಕ್ರಮ್ಮ ಎಲ್ಲದಕ್ಕೂ ಹೂಂ ಅಂದಳು. ಮೂರನೆಯ ದಿನ ತಾನೇ ಬಾಯಿ ತೆರೆದಳು.

“ಡಾಕ್ಟ್ರಮ್ಮ, ನಿಜ ಹೇಳು. ನಾನು ಖಾಲೀದು ಕೊಟ್ಟಿದ್ದಕ್ಕೇ ಅವಳು ಹೋದ್ಲಾ?”

ಮೇಘಶ್ರೀ ಹಾಸಿಗೆಯ ಅಂಚಿನಲ್ಲಿ ಕೂತಳು. “ಅದೂ ಒಂದು ಇರಬಹುದು. ತುಂಬಿದ ಪಂಪು ಇದ್ದಿದ್ರೂ ಒಂದು ತಾಸು ಮನೆಯಲ್ಲೇ ಕೂತಿದ್ರೆ ಉಳೀತಿದ್ರೋ ಇಲ್ಲವೋ, ಹೇಳೋಕಾಗಲ್ಲ. ಕಾಫಿ ಬಣ್ಣದ್ದು ದಿನಾ ತಗೊಂಡಿದ್ರೆ ಬಹುಶಃ ಆ ದಿನಾನೇ ಬರ್ತಿರಲಿಲ್ಲ. ನಂಬರ್ ನೋಡೋದನ್ನ ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.”

“ಇಲ್ಲ ಅಂತ ಹೇಳ್ತೀಯ ಅಂದ್ಕಂಡಿದ್ದೆ.”

“ಹೇಳಬಹುದಿತ್ತು.”

“ಬ್ಯಾಡ ಬಿಡು. ನಿನ್ನ ಮುಖಕ್ಕೆ ಸುಳ್ಳು ಹೊಂದಲ್ಲ.” ಶಂಕ್ರಮ್ಮ ಸೀರೆ ಸರಿಮಾಡಿಕೊಂಡಳು. “ಅರುಣಾಗೆ ನಾನೇ ಹೇಳ್ಬೇಕು. ನೀನು ಫಾರಂ ತಗಂಡು ಜೊತೀಗೆ ಬಾ. ಒಬ್ಬಳೇ ಹೋಗಾಕೆ ಧೈರ್ಯ ಸಾಲ್ದು.”

ಮರುದಿನ ನಾಲ್ಕೂವರೆಗೆ ಅವರಿಬ್ಬರೂ ಹಿಂದಿನ ಸಂದಿಯ ಮನೆಗೆ ಹೋದರು. ಅರುಣಾ ಆಗಷ್ಟೇ ಬಂದು ಕಾಲು ತೊಳೆದುಕೊಂಡಿದ್ದಳು. ಸಣ್ಣ ಮನೆ, ಮೂಲೆಯಲ್ಲಿ ಹೂವಿನ ಬುಟ್ಟಿ ಬೋರಲು ಬಿದ್ದಿತ್ತು. ಮೇಘಶ್ರೀ ಫಾರಂ ತೆಗೆಯುವ ಮುಂಚೆಯೇ ಶಂಕ್ರಮ್ಮ ಹೇಳಿಬಿಟ್ಟಳು. ಒಂದೇ ಉಸಿರಿನಲ್ಲಿ ಹೇಳಿದಳು. ಈಗ ಅಷ್ಟು ಉಸಿರು ಬಂದಿತ್ತು.

ಅರುಣಾ ಬಹಳ ಹೊತ್ತು ಟವೆಲ್ಲಿನಿಂದ ಕೈ ಒರೆಸುತ್ತಲೇ ಇದ್ದಳು.

“ದೊಡ್ಡವ್ವ, ಅವ್ವಂದೂ ಹಿಂದಿನ ದಿನಾನೇ ಮುಗಿದಿತ್ತು,” ಎಂದಳು. “ನನಗೆ ಹೇಳಿದ್ಲು, ಬರುವಾಗ ಒಂದು ತಗಂಡು ಬಾ ಅಂತ. ಅವತ್ತು ಅಂಗನವಾಡಿಯಾಗೆ ಮೀಟಿಂಗು. ಮರ್ತೆ. ನಾಳೆ ತಂದ್ರಾತು ಅಂತ ಸುಮ್ಮನಾದೆ. ಅದಕ್ಕೇ ಅವಳು ನಿಮ್ಮ ಮನೀಗೆ ಬಂದಿದ್ದು. ಇದನ್ನ ಯಾರಿಗೂ ಹೇಳಿಲ್ಲ ನಾನು.”

ಶಂಕ್ರಮ್ಮ ಅವಳನ್ನೇ ನೋಡಿದಳು. “ಇಷ್ಟು ದಿನದಿಂದ ಒಬ್ಬಳೇ ಹೊತ್ಕಂಡು ತಿರುಗ್ತಿದ್ಯೇನೇ?”

“ಹೂಂ.”

“ಬಾ ಇಲ್ಲಿ.”

ಅರುಣಾ ಬಂದು ಪಕ್ಕದಲ್ಲಿ ಕೂತಳು. ಅತ್ತಳು. ಶಂಕ್ರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು, “ಹೊಟ್ಟೆ ತುಂಬ ಅಳು, ನಾನು ಅಳಂಗಿಲ್ಲ, ಅತ್ರೆ ದಮ್ಮು ಬರ್ತೈತೆ ಅಂತ ಡಾಕ್ಟ್ರು ಹೇಳ್ಯಾರೆ” ಅಂದಳು. ಮೇಘಶ್ರೀ ಹಾಗೇನೂ ಹೇಳಿರಲಿಲ್ಲ. ಹೇಳಿಲ್ಲವೆಂದು ಹೇಳಲೂ ಹೋಗಲಿಲ್ಲ.

ಫಾರಂ ತುಂಬುವುದು ಆಮೇಲೆ ನಿಧಾನಕ್ಕೆ ಶುರುವಾಯಿತು. ಮೃತರ ವೃತ್ತಿ ಎಂಬಲ್ಲಿ ಮೇಘಶ್ರೀ ಹೂವಿನ ವ್ಯಾಪಾರ ಎಂದು ಬರೆದಳು.

“ವ್ಯಾಪಾರ ಏನು, ಮೋಸ,” ಎಂದಳು ಶಂಕ್ರಮ್ಮ. “ಮೊಳ ಹಾಕುವಾಗ ಬೆರಳು ಮಡಚ್ತಿದ್ಲು. ಮೂವತ್ತು ವರ್ಷ ಹೂ ತಗಂಡೀನಿ, ಒಂದು ದಿನ ಪೂರಾ ಮೊಳ ಕಂಡಿಲ್ಲ.”

“ಹಂಗೇನಿಲ್ಲ ದೊಡ್ಡವ್ವ, ಅವ್ವನ ಕೈಯೇ ಗಿಡ್ಡ.”

“ಅರುಣಾ, ನಿಮ್ಮವ್ವನ ಕೈ ಗಿಡ್ಡ ಆಗಿದ್ದು ನನಗೆ ಮೊಳ ಹಾಕುವಾಗ ಮಾತ್ರ. ಬಳೆಗಾರ ಬಂದಾಗ ಉದ್ದಕ್ಕೇ ಇರ್ತಿತ್ತು.”

ಅರುಣಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅಲ್ಲ, ನಿಮಗೆ ಕೊಸರು ಬೇರೆ ಹಾಕುತ್ತಿದ್ದಳು, ನಾನೇ ನೋಡಿದ್ದೀನಿ ಎಂದು ವಾದಕ್ಕಿಳಿದಳು. ಶಂಕ್ರಮ್ಮ, ಅದು ಬಾಡಿದ ಹೂವು ಅಂದಳು. ಮುಂದಿನ ಪ್ರಶ್ನೆ ಕೇಳಲು ಬಾಯಿ ತೆರೆದ ಮೇಘಶ್ರೀ, ಇವರ ಜಗಳ ಇಷ್ಟರಲ್ಲಿ ಮುಗಿಯುವುದಲ್ಲ ಎಂದು ಕಂಡುಕೊಂಡು, ಫಾರಂ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು.